ಹಾಸಿಗೆ ಬರೋತನಕ ಹೊಗೆಯಿಲ್ಲ

ಗಂಗರಾಜು ಒಂದೇ ಒಂದು ಸಲ ಬಾಯಿ ಬಿಟ್ಟು ಗದರಿದ್ದಕ್ಕೆ ಬಾಡಿಗೆ ಮನೆಯ ಯಜಮಾನ ಸಣ್ಣತಿಮ್ಮಯ್ಯನ ತೋಟದ ಮುನ್ನೂರು ತೆಂಗಿನಮರಗಳೂ ಒಟ್ಟಿಗೆ ಕಾಯಿ ಉದುರಿಸಿಬಿಟ್ಟವು. ಬಲಿತದ್ದು, ಎಳೆಯದು ಅಂತ ನೋಡಲಿಲ್ಲ. ಹೊಂಬಾಳೆ ಸಮೇತ ಉದುರಿದವು. ಮರ ಹತ್ತುವವನಿಗೆ ಆ ತಿಂಗಳು ಕೆಲಸವೇ ಇಲ್ಲದಂತಾಯಿತು. ಸದ್ದಿಗೆ ನೊಣವಿನಕೆರೆಯ ತನಕ ಎಮ್ಮೆಗಳು ಗೂಟ ಕಿತ್ತುಕೊಂಡು ಓಡಿದವು. ಹೆದರಿ ಬಸ್ಸು ಹತ್ತಿದ ಒಂದು ಎಮ್ಮೆಯನ್ನು ಕಂಡಕ್ಟರು ಟಿಕೇಟು ಕೇಳಿದ. ಇದನ್ನೆಲ್ಲ ಕಣ್ಣಾರೆ ಕಂಡವನು ಗಂಗರಾಜು ಒಬ್ಬನೇ ಆದ್ದರಿಂದ ಅಲ್ಲ ಅನ್ನುವ ಹಕ್ಕು ಬೇರೆ ಯಾರಿಗೂ ಇರಲಿಲ್ಲ.

“ಮರದ್ದು ಆಮೇಲೆ ಹೇಳ್ರೀ. ಹಾಸಿಗೆ ಕೊಡ್ತಾನಾ, ಇಲ್ವಾ?” ಅಂದಳು ಅವನ ಹೆಂಡತಿ ನಯನ, ಮುದ್ದೆಯನ್ನು ತಟ್ಟೆಗೆ ಕುಕ್ಕಿ.

“ಕೊಡದೆ ಎಲ್ಲಿಗೋಯ್ತಾನೆ? ಗಡಗಡ ನಡುಗ್ತಿದ್ದ ಕಣೇ. ‘ಗಂಗರಾಜಣ್ಣ, ತಪ್ಪಾಯ್ತು, ಸೋಮವಾರ ಬೆಳಗ್ಗೆ ಹೊಸ ಹಾಸಿಗೆ ನಿಮ್ಮ ಬಾಗಿಲಲ್ಲಿ ಇರ್ತದೆ’ ಅಂತ ಕೈ ಮುಗಿದ.”

“ಎಪ್ಪತ್ತು ವರ್ಷದ ಯಜಮಾನ ನಿಮಗೆ ಅಣ್ಣ ಅಂದ್ನಾ?”

“ಹೆದರಿಕೆಗೆ ವಯಸ್ಸು ಇರ್ತದಾ?”

ನಡುಮನೆಯ ಮಂಚದಿಂದ ಅವನ ತಾಯಿ ಹೊಂಬಾಳಮ್ಮ ನರಳಿದಳು. “ಸೋಮವಾರ ಅಂದ್ರೆ ಇನ್ನು ನಾಲ್ಕು ದಿನ ಕಣ್ಲಾ. ಅಷ್ಟರೊಳಗೆ ಈ ಹಳ್ಳ ನನ್ನನ್ನ ಪೂರ್ತಿ ನುಂಗದಿದ್ರೆ ಸಾಕು.”

ಹಳ್ಳ ಅಂದದ್ದು ಹಾಸಿಗೆಯನ್ನು. ತಿಪಟೂರಿನ ಅಂಚಿನಲ್ಲಿದ್ದ ಸಣ್ಣತಿಮ್ಮಯ್ಯನ ಹಳೆಯ ಹೆಂಚಿನ ಮನೆಗೆ ಈ ಸಂಸಾರ ಬಾಡಿಗೆಗೆ ಬಂದು ವರ್ಷವಾಗಿತ್ತು. ಯಜಮಾನ ತೋಟದಲ್ಲಿ ಹೊಸ ಮನೆ ಕಟ್ಟಿಸಿಕೊಂಡು ಹೋಗುವಾಗ ಒಂದು ಮಂಚ, ಒಂದು ನಾರಿನ ಹಾಸಿಗೆ, ಒಂದು ಸೋಫಾ ಇಲ್ಲೇ ಬಿಟ್ಟಿದ್ದ. ಹಾಸಿಗೆಯ ನಾರು ಪುಡಿಯಾಗಿ, ನಡುವೆ ಎಂಥ ಹಳ್ಳ ಬಿದ್ದಿತ್ತು ಅಂದರೆ ನೀರು ಕಟ್ಟಿದರೆ ಒಂದು ಬೆಳೆ ಭತ್ತ ತೆಗೆಯಬಹುದಿತ್ತು. ಸೋಫಾ ಅದಕ್ಕಿಂತ ಮೇಲು. ಸಿಲಿಂಡರ್ ತಂದವನು ದಣಿವಿಗೆ ಅದರ ಮೇಲೆ ಕೂತು, ಒಳಗೆ ಇಳಿದುಹೋಗಿ, ಮೂರನೆಯ ದಿನ ಗಡ್ಡ ಬಿಟ್ಟುಕೊಂಡು ಹೊರಗೆ ಬಂದಿದ್ದ.

ಬಾಡಿಗೆ ಮಾತ್ರ ಕಮ್ಮಿ. ಕಾರಣ, ಅಟ್ಟ ಯಜಮಾನನದೇ. ನಡುಮನೆಯ ಮೇಲೆ ಹಲಗೆ ಹಾಸಿ ಎಂಟು ಸಾವಿರ ಕಾಯಿಯನ್ನು ಕೊಬ್ಬರಿಗೆ ಹಾಕಿದ್ದ. ಕಾಯಿ ವರ್ಷದ ಹತ್ತಿರ ಅಟ್ಟದ ಮೇಲೆ ಬಿದ್ದಿದ್ದು, ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಒಣಗಿದ ಕೊಬ್ಬರಿಯ ಗಿಟುಕು ಚಿಪ್ಪಿನೊಳಗೆ ಲೊಟಲೊಟ ಅನ್ನಬೇಕು. ಮಳೆಗಾಲದ ಥಂಡಿಗೆ ಅದು ಬೂಷ್ಟು ಹಿಡಿಯದಿರಬೇಕಾದರೆ ಕೆಳಗಿನಿಂದ ಹೊಗೆ ಬೇಕು. ಈಗಿನ ಸಂಸಾರಗಳು ಗ್ಯಾಸಿನಲ್ಲಿ ಬೇಯಿಸುತ್ತವೆ. ಗ್ಯಾಸಿಗೆ ಹೊಗೆ ಎಲ್ಲಿಯದು? ಅದಕ್ಕೇ ಮಾತಾಗಿತ್ತು: ಬೆಳಗ್ಗೆ ಸಂಜೆ ಬಚ್ಚಲೊಲೆ ಉರಿಸಬೇಕು, ತೆಂಗಿನ ಮಟ್ಟೆ ಸೋಗೆ ಯಜಮಾನನೇ ಕೊಡುತ್ತಾನೆ. ಹೀಗೆ ಕೆಳಗಿನ ಹೊಗೆ ಮೇಲಿನ ಕಾಯಿಗೆ, ಮೇಲಿನ ಧೂಳು, ಇಲಿಪಿಕ್ಕೆ ಕೆಳಗಿನ ಹಾಸಿಗೆಗೆ.

ಬಂದ ಹೊಸದರಲ್ಲೇ ನಯನ ಕೇಳಿದ್ದಳು, ಈ ಕೊಳಕನ್ನು ಬದಲಾಯಿಸಿ ಕೊಡಲ್ವಂತಾ ಅಂತ. “ಆಯಪ್ಪ ಕಟುಕ ಕಣೇ. ಇದ್ರೆ ಇರಿ, ಹೋದ್ರೆ ಹೋಗಿ ಅಂದ,” ಅಂದಿದ್ದ ಗಂಗರಾಜು. ಅವಳು ಹಾಸಿಗೆಯನ್ನು ಗೋಡೆಗೆ ಒರಗಿಸಿ ಎಲ್ಲರಿಗೂ ಚಾಪೆ ಹಾಸಿದ್ದಳು. ಜೂನ್ ಮೊದಲ ವಾರ ಹೊಂಬಾಳಮ್ಮ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಳ್ಳುವವರೆಗೆ ಚಾಪೆಯಲ್ಲೇ ನಡೆದಿತ್ತು. ತುಮಕೂರಿನಲ್ಲಿ ಪ್ಲೇಟು ಹಾಕಿ ಕಳಿಸುವಾಗ ಡಾಕ್ಟರು ಖಂಡಿತವಾಗಿ ಹೇಳಿದ್ದರು: ಮೂರು ತಿಂಗಳು ನೆಲದ ಮೇಲೆ ಮಲಗಕೂಡದು, ಮಂಚದ ಮೇಲೆ ಸಮನಾದ ಗಟ್ಟಿ ಹಾಸಿಗೆ ಬೇಕು, ಇನ್ನೊಂದು ಸಲ ಬಿದ್ದರೆ ಈಕೆ ಎದ್ದು ಓಡಾಡುವುದನ್ನು ಮರೆತುಬಿಡಿ.

ನಯನಳ ಹೊಲಿಗೆಯ ದುಡ್ಡು, ಗಂಗರಾಜು ಲಗೇಜ್ ಆಟೊದಲ್ಲಿ ಮಟ್ಟೆ ಲೋಡು ಹೊಡೆದ ದುಡ್ಡು ಎಲ್ಲ ಆ ಪ್ಲೇಟಿನ ಜೊತೆ ಸೊಂಟದೊಳಗೆ ಹೋಗಿತ್ತು. ಮಂಚದ ನಡುವಿನ ಎರಡು ಹಲಗೆ ಬೇರೆ ಮುರಿದಿದ್ದವು. ನಯನ ಹಳ್ಳಕ್ಕೆ ಎರಡು ಕಂಬಳಿ, ಐದು ಹಳೇ ಸೀರೆ ತುಂಬಿ ಅತ್ತೆಯನ್ನು ಮಲಗಿಸಿದಳು. ಬೆಳಗಾಗುವುದರೊಳಗೆ ಎಲ್ಲ ಸರಿದು, ಅತ್ತೆ ಮತ್ತೆ ಹಳ್ಳದ ತಳದಲ್ಲಿ. ಒಂದು ಸಲ ಎಬ್ಬಿಸಬೇಕಾದರೆ ನಯನ ಒಂದು ರಟ್ಟೆ, ಕಾಲೇಜಿಗೆ ಹೋಗುವ ಮಗಳು ಸುಷ್ಮಿತಾ ಒಂದು ರಟ್ಟೆ ಹಿಡಿದು ಜಗ್ಗಬೇಕು.

ಸೋಮವಾರ ಬಂತು. ಹಾಲಿನವನು ಬಂದ, ಕೇಬಲ್ಲಿನವನು ಬಂದ. ಹಾಸಿಗೆ ಬರಲಿಲ್ಲ.

“ಎಲ್ಲಿ?” ಅಂದಳು ನಯನ ಮಧ್ಯಾಹ್ನ, ಊಟಕ್ಕೆ ಬಂದವನ ಮುಂದೆ ತಟ್ಟೆ ಇಡದೆ.

“ಮಳೆ ಅಲ್ವಾ. ನೆನೆದುಬುಟ್ರೆ ಹೊಸ ಹಾಸಿಗೆ ಹಾಳಾಯ್ತದೆ ಅಂತ ಯೋಚನೆ ಮಾಡವ್ನೆ.”

“ಫೋನ್ ನಂಬರ್ ಕೊಡಿ. ನಾನು ಮಾತಾಡ್ತೀನಿ.”

“ನೀನು ಮಾತಾಡಿದ್ರೆ ಮುಗೀತು. ಹೆಣ್ಣೆಂಗಸ್ರು ಬಾಯಿ ಹಾಕಿದ್ರು ಅಂತ ಬಿಗಿದುಕೊಂಡುಬುಡ್ತಾನೆ. ನಾನು ಹದ ಮಾಡಿಟ್ಟಿರೋದನ್ನ ಕೆಡಿಸಬೇಡ ಕಣೇ. ಸಂಜೆ ಇನ್ನೊಂದು ಸಲ ಹೋಗಿ ಬತ್ತೀನಿ.”

ಸಂಜೆ ಹೋಗಿ ಬಂದವನು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದ. ಈ ಸಲ ಅವನು ಗದರಲಿಲ್ಲವಂತೆ, ಬರೀ ದಿಟ್ಟಿಸಿ ನೋಡಿದನಂತೆ. ನೋಟಕ್ಕೇ ಸಣ್ಣತಿಮ್ಮಯ್ಯ ಅಳಲು ಹಿಡಿದನಂತೆ. ಅತ್ತು ಅತ್ತು ಹೆಗಲ ಮೇಲಿನ ಟವೆಲ್ಲು ತೊಯ್ದು, ಅದನ್ನು ಹಿಂಡಿದ ನೀರಿಗೆ ಐನೂರು ಮರದ ಬುಡ ಒದ್ದೆಯಾಯಿತಂತೆ.

“ಅಪ್ಪ, ಹೋದ ಸಲ ಮರ ಮುನ್ನೂರಿತ್ತು,” ಅಂದಳು ಸುಷ್ಮಿತಾ ಪುಸ್ತಕದಿಂದ ತಲೆ ಎತ್ತದೆ.

“ಇನ್ನೂರು ಅಣ್ಣನ ಭಾಗದ್ದು. ನೀನು ಓದ್ಕಮ್ಮ.”

“ಅತ್ತನಲ್ಲ, ಹಾಸಿಗೆ ಯಾವಾಗಂತೆ?” ಅಂದಳು ಹೊಂಬಾಳಮ್ಮ.

“ಬರೋ ಸೋಮವಾರ ಕಣವ್ವ.”

“ನಮ್ಮ ಶೆಟ್ಟಿಕೆರೇಲಿ ಒಬ್ಬ ಜಮೀನ್ದಾರ ಇದ್ದ. ಮಜೂರಿ ಕೇಳಿದ್ರೆ ಬರೋ ಸೋಮವಾರ ಅಂತಿದ್ದ. ಸಾಯೋತನಕ ಅಂದ. ಸಣ್ಣತಿಮ್ಮಯ್ಯಂಗೂ ಅದೇ ಗಾಳಿ ಬಡಿದಿರಬೇಕು. ಎಂಟು ಸಾವಿರ ಕಾಯಿ ಮೇಲೆ ಹೊದಿಸಿಕೊಂಡವ್ನೆ, ಒಬ್ಬ ಮುದುಕಿಗೆ ಆರಡಿ ನಾರು ಕೊಡಕ್ಕಾಗಲ್ಲ ಅವನಿಗೆ. ಥೂ ಅವನ ಬಾಳಿಗೆ.”

“ಸರಿಯಾಗಿ ಬೈ ಅವ್ವ,” ಅಂದ ಗಂಗರಾಜು ಖುಷಿಯಿಂದ. ಯಜಮಾನನನ್ನು ಮನೆಯವರೆಲ್ಲ ಬೈಯುತ್ತಿದ್ದಾಗ ಅವನಿಗೆ ಅನ್ನ ಚೆನ್ನಾಗಿ ಸೇರುತ್ತಿತ್ತು. ಆ ರಾತ್ರಿ ಹುರುಳಿ ಬಸ್ಸಾರಿಗೆ ಮೂರು ಮುದ್ದೆ ಉಂಡ. ಅವನೇ ಹೇಳಿಕೊಂಡ ಪ್ರಕಾರ ಒಂಬತ್ತು.

ಮೂರನೆಯ ಸಲ ಹೋದಾಗ ಸಣ್ಣತಿಮ್ಮಯ್ಯ ಊರಲ್ಲಿರಲಿಲ್ಲ. ನಾಲ್ಕನೆಯ ಸಲ ಹೋದಾಗ ಹಾಸಿಗೆ ಅಂಗಡಿಯಲ್ಲಿ ಹೊಲಿಯುತ್ತಿದ್ದರು. ಎಷ್ಟು ದೊಡ್ಡ ಹಾಸಿಗೆ ಅಂದರೆ ಒಬ್ಬ ದರ್ಜಿ ತಲೆಯ ಕಡೆ, ಇನ್ನೊಬ್ಬ ಕಾಲಿನ ಕಡೆ ಕೂತು ಫೋನಿನಲ್ಲಿ ಮಾತಾಡಿಕೊಂಡು ಹೊಲಿಯುತ್ತಿದ್ದರು. ಅಷ್ಟು ಹೊತ್ತಿಗೆ ಜುಲೈ ಬಂದು ಜಡಿಮಳೆ ಹಿಡಿದಿತ್ತು. ಒಗೆದ ಬಟ್ಟೆ ಒಣಗುತ್ತಿರಲಿಲ್ಲ, ಮನೆಯಲ್ಲಿ ಯಾರ ಮಾತೂ ನೇರ ಇರುತ್ತಿರಲಿಲ್ಲ. ಉಪ್ಪು ಕೇಳಿದರೆ ನಯನ, “ಅದನ್ನೂ ಸೋಮವಾರ ಕೊಡ್ತೀನಿ,” ಅನ್ನುತ್ತಿದ್ದಳು.

ಒಂದು ಬೆಳಗ್ಗೆ ಆರು ಗಂಟೆಗೆ ಹೊಂಬಾಳಮ್ಮ ಯಾರನ್ನೂ ಕರೆಯದೆ ತಾನೇ ಏಳಲು ಹೋದಳು. ಸೊಸೆಗೆ ಎಷ್ಟು ಅಂತ ತೊಂದರೆ ಕೊಡುವುದು ಅಂತ. ಅಂಚು ಹಿಡಿದು ಎದ್ದು ಕೂತದ್ದೇ ತಡ, ಹಾಸಿಗೆಯ ಅಂಚು ಕುಸಿದು ಅವಳು ಪಕ್ಕಕ್ಕೆ ವಾಲಿದಳು. ಕಸ ಗುಡಿಸುತ್ತಿದ್ದ ನಯನ ಪೊರಕೆ ಎಸೆದು ಓಡಿ ಬಂದು ಎದೆ ಕೊಟ್ಟಳು. ಇಬ್ಬರೂ ಗೋಡೆಗೆ ತಗುಲಿ ಜಾರಿ ಕೂತರು. ಮುದುಕಿಯ ಮೂಳೆ ಉಳಿಯಿತು. ನಯನಳ ಮಣಿಕಟ್ಟು ಉಳುಕಿ ಊದಿಕೊಂಡಿತು. ಬಲಗೈ. ಹೊಲಿಗೆಯ ಕೈ.

ಅವಳು ಅಳಲಿಲ್ಲ. ಸೀದಾ ಬಚ್ಚಲಿಗೆ ಹೋಗಿ, ಒಲೆಯಲ್ಲಿ ಉರಿಯುತ್ತಿದ್ದ ಮಟ್ಟೆಯನ್ನು ಎಡಗೈಯಲ್ಲಿ ಎಳೆದು, ಒಂದು ಬಿಂದಿಗೆ ನೀರು ಸುರಿದಳು. ಚೊಂಯ್ ಅಂತ ಬೂದಿ ಎದ್ದು ಅವಳ ಮುಖಕ್ಕೆ ಬಡಿಯಿತು.

“ಏನೇ ಮಾಡ್ದೆ?” ಗಂಗರಾಜು ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡೇ ಓಡಿಬಂದ.

“ಹಾಸಿಗೆ ಬರೋತನಕ ಈ ಮನೇಲಿ ಹೊಗೆ ಇಲ್ಲ. ಅವರಿಗೆ ನಮ್ಮ ಮೂಳೆ ಬೇಡ ಅಂದ್ರೆ ನಮಗೆ ಅವರ ಕೊಬ್ಬರಿ ಯಾಕೆ? ಕೊಳೀಲಿ.”

“ಮಾತು ಕೊಟ್ಟಿದೀವಿ ಕಣೇ. ಮಳೆಗಾಲ ಬೇರೆ. ಎಂಟು ಸಾವಿರ ಕಾಯಿ.”

“ಅವರೂ ಮಾತು ಕೊಟ್ಟಿದ್ದಾರೆ. ಎರಡೆರಡು ಸಲ. ನಿಮ್ಮ ಮುಂದೆ, ಕೈ ಮುಗಿದು, ಅತ್ತುಕೊಂಡು.”

ಗಂಗರಾಜುವಿನ ಬಾಯಲ್ಲಿ ನೊರೆ ಇತ್ತು. ಅದನ್ನು ಉಗಿಯಲೂ ಇಲ್ಲ, ನುಂಗಲೂ ಇಲ್ಲ. ಕೊನೆಗೆ ತಾಯಿಯ ಕಡೆ ತಿರುಗಿದ. “ಅವ್ವ, ನೀನಾದ್ರೂ ಹೇಳು. ಕಾಯಿ ಕೆಡಿಸೋದು ಪಾಪ ಅಲ್ವಾ?”

ಹೊಂಬಾಳಮ್ಮ ತನ್ನ ಕಾಲದಲ್ಲಿ ಮೂವತ್ತು ವರ್ಷ ಬೇರೆಯವರ ಅಟ್ಟಕ್ಕೆ ಕಾಯಿ ಹೊತ್ತವಳು. ಮೇಲೆ ನೋಡಿದಳು. “ಪಾಪವೇ ಕಣ್ಲಾ,” ಅಂದಳು. “ನನ್ನ ತಲೆ ಮೇಲೆ ಬರಲಿ. ಬುಡು, ಹಚ್ಚಬ್ಯಾಡ.”

ಅವತ್ತಿನಿಂದ ಸ್ನಾನದ ನೀರು ಗ್ಯಾಸಿನ ಮೇಲೆ, ಒಬ್ಬೊಬ್ಬರಿಗೆ ಅರ್ಧ ಬಕೆಟ್ಟು. ಹನ್ನೆರಡು ದಿನಕ್ಕೆ ಸಿಲಿಂಡರ್ ಖಾಲಿಯಾಗಿ ಎರಡು ದಿನ ಉಪ್ಪಿಟ್ಟನ್ನೂ ಪಕ್ಕದ ಮನೆಯಲ್ಲಿ ಮಾಡಿಕೊಂಡು ಬಂದರು. ಗಂಗರಾಜು ಒಂದು ಸಂಜೆ, ಎಲ್ಲ ಟೀವಿ ಮುಂದೆ ಇರುವಾಗ, ಮೆಲ್ಲಗೆ ನಾಲ್ಕು ಮಟ್ಟೆ ಒಲೆಗೆ ತುರುಕಿ ಕಡ್ಡಿ ಗೀರಿದ. ಹೊಗೆ ಅಟ್ಟ ಮುಟ್ಟುವ ಮೊದಲೇ ಸುಷ್ಮಿತಾ ಬಾಗಿಲಲ್ಲಿ ನಿಂತಿದ್ದಳು.

“ಅಮ್ಮ, ಅಪ್ಪ ಒಲೆ ಹಚ್ತಿದಾರೆ.”

“ಚಳಿ ಕಣೇ, ಕೈ ಕಾಯಿಸ್ಕೊಳ್ತಿದ್ದೆ.”

“ಮರ ಉದುರಿಸೋ ಗಂಡಸಿಗೆ ಚಳೀನಾ?” ಅಂತ ನಯನ ಇನ್ನೊಂದು ಬಿಂದಿಗೆ ಸುರಿದಳು. “ನೀವು ಅವರ ಕಡೆನೋ ನಮ್ಮ ಕಡೆನೋ, ಅದನ್ನಾದ್ರೂ ಹೇಳಿಬಿಡಿ.”

ಮೂರನೆಯ ವಾರಕ್ಕೆ ಅಟ್ಟದಿಂದ ಹುಳಿ ವಾಸನೆ ಇಳಿಯತೊಡಗಿತು. ಮೊದಲು ಹಳಸಿದ ಎಣ್ಣೆಯ ಹಾಗೆ, ಆಮೇಲೆ ಒದ್ದೆ ಗೋಣಿಯ ಹಾಗೆ. ಗಂಗರಾಜು ಕೆಲಸದ ನೆಪದಲ್ಲಿ ಮೂರೂ ಹೊತ್ತು ಆಟೊದಲ್ಲೇ ಇರತೊಡಗಿದ. ಆದರೆ ಭಾನುವಾರ ಮನೆಯಲ್ಲಿ ಇರಲೇಬೇಕಾಯಿತು. ಅವತ್ತೇ ಸಣ್ಣತಿಮ್ಮಯ್ಯ ಕಾಯಿ ನೋಡಲು ಬಂದ.

ಬಂದವನು ಒಬ್ಬ ಸಣಕಲು ಮುದುಕ. ಛತ್ರಿಯನ್ನು ಜಗಲಿಯ ಮೂಲೆಗಿಟ್ಟು, “ಎಲ್ಲ ಚೆನ್ನಾಗಿದೀರಾ?” ಅಂತ ಕೇಳಿ, ಯಾರೂ ಏಳದಿದ್ದಕ್ಕೆ ತಾನೇ ಏಣಿ ಹಾಕಿಕೊಂಡು ಅಟ್ಟ ಹತ್ತಿದ. ಕಾಯಿ ಉರುಳುವ ಸದ್ದು, ಕುಟ್ಟಿ ನೋಡುವ ಸದ್ದು. ಆಮೇಲೆ ಒಡೆಯುವ ಸದ್ದು. ಇಳಿದು ಬಂದಾಗ ಅವನ ಕೈಯಲ್ಲಿ ಒಡೆದ ಒಂದು ಗಿಟುಕು ಇತ್ತು. ಹಸಿರು ಬೂಷ್ಟು ಅದರ ತುಂಬ.

“ಇದೇನಮ್ಮ ಇದು?” ಅಂದ ನಯನಳಿಗೆ. “ಗೋಡೆ ಕಡೆಯವೆಲ್ಲ ಹೋಗಿವೆ. ನಾನೂರು ಕಾಯಿ, ಐನೂರು ಕಾಯಿ. ಒಲೆ ತಣ್ಣಗೆ ಕೊರೀತಾ ಇದೆ. ಒಂದು ವರ್ಷ ಸಾಕಿದ್ದನ್ನ ಕೊನೇ ಗಳಿಗೇಲಿ ಸಾಯಿಸಿದ್ರಲ್ಲ. ನಾನು ನಿಮಗೆ ಏನು ಕೇಳಿದ್ದೆ? ಒಂದು ಹಿಡಿ ಹೊಗೆ.”

“ನಾವೂ ಏನು ಕೇಳಿದ್ವಿ ಯಜಮಾನ್ರೇ? ಒಂದು ಹಾಸಿಗೆ.” ನಯನ ಪಟ್ಟಿ ಸುತ್ತಿದ ಕೈಯನ್ನು ಮುಂದೆ ಹಿಡಿದಳು. “ಇದು ನಿಮ್ಮ ಹಾಸಿಗೆ ಮಾಡಿದ್ದು. ಮೂರು ವಾರದಿಂದ ಒಂದು ಬ್ಲೌಸು ಹೊಲಿದಿಲ್ಲ ನಾನು. ಅಲ್ಲಿ ನೋಡಿ, ಹೊಸ ಪ್ಲೇಟು ಹಾಕಿಸಿಕೊಂಡ ಮುದುಕಿ ಎಂಥದ್ದರಲ್ಲಿ ಬಿದ್ದಿದಾರೆ. ನಾಯಿ ಮಲಗಲ್ಲ ಅದರಲ್ಲಿ. ನಿಮ್ಮ ಕಾಯಿಗೆ ಇರೋ ಬೆಲೆ ಮನುಷ್ಯರಿಗೆ ಇಲ್ವಾ?”

“ಯಾವ ಹಾಸಿಗೆ?” ಅಂದ ಸಣ್ಣತಿಮ್ಮಯ್ಯ.

“ಯಾವ ಹಾಸಿಗೆನಾ? ಇವರು ನಾಲ್ಕು ಸಲ ತೋಟಕ್ಕೆ ಬಂದು ಕೇಳಿದಾರೆ. ಸಿಕ್ಕಾಗೆಲ್ಲ ಸೋಮವಾರ ಅಂದಿದೀರಿ. ಕೈ ಮುಗಿದಿದೀರಿ. ಅತ್ತಿದೀರಿ.”

“ನಾನು ಅತ್ನಾ?”

“ಹೂಂ ತಾತ,” ಅಂದಳು ಸುಷ್ಮಿತಾ. “ಎರಡನೇ ಸಲ. ಟವೆಲ್ ತೊಯ್ದುಹೋಯ್ತಂತೆ.”

ಮುದುಕ ಹೆಗಲ ಮೇಲಿನ ಟವೆಲ್ಲನ್ನು ಮುಟ್ಟಿ ನೋಡಿಕೊಂಡ. “ನನ್ನ ಹೆಂಡ್ತಿ ಹೋದಾಗ ಅತ್ತಿದ್ದೆ ಕಣಮ್ಮ. ಆಮೇಲೆ ಅತ್ತಿಲ್ಲ,” ಅಂದ. ಆಮೇಲೆ ಬಾಗಿಲ ಮರೆಯಲ್ಲಿ ಚಪ್ಪಲಿ ಹುಡುಕುತ್ತಿದ್ದ ಗಂಗರಾಜುವಿನ ಕಡೆ ತಿರುಗಿದ. “ಬಾರಯ್ಯ ಇಲ್ಲಿ. ಯಾವತ್ತು ಬಂದಿದ್ದೆ ನೀನು ನಮ್ಮ ತೋಟಕ್ಕೆ?”

“ಅದೇ ಯಜಮಾನ್ರೇ, ಮಳೆ ಬಂತಲ್ಲ ಅವತ್ತು. ನಿಮಗೆ ಮರೆವು.”

“ಮರೆವಾ? ನೀನು ಈ ಮನೆಗೆ ಬಂದ ದಿನದ ಮಾತು ಹೇಳಲಾ ಹಾಗಾದ್ರೆ?” ಸಣ್ಣತಿಮ್ಮಯ್ಯನ ಸ್ವರ ಏರಿತು. “ಅವತ್ತು ನೀನೊಬ್ಬನೇ ಕೀ ಈಸ್ಕೊಳ್ಳೋಕೆ ಬಂದಿದ್ದೆ. ನಾನು ಅಂದೆ, ಹಾಸಿಗೆ ಹೋಗಿದೆ, ಹೊರಗೆ ಹಾಕಿಸ್ತೀನಿ, ಹೊಸದು ತರಿಸಿಕೊಡ್ತೀನಿ, ಸೋಫಾಕ್ಕೂ ಬೇರೆ ಹತ್ತಿ ತುಂಬಿಸ್ತೀನಿ. ನೀನೇನಂದೆ? ನಿಮ್ಮದನ್ನೆಲ್ಲಿ ಇಡಾನ ಯಜಮಾನ್ರೇ, ಶೆಟ್ಟಿಕೆರೆಯಿಂದ ನಮ್ಮ ತೇಗದ ಮಂಚ ಎರಡು, ಫೋಮ್ ಹಾಸಿಗೆ ನಾಲ್ಕು, ಎಲ್ಲ ಲಾರಿ ಮೇಲೆ ಬತ್ತಾ ಅವೆ, ನಿಮಗೆ ಬೇಕಾದ್ರೆ ಒಂದು ಕೊಡ್ತೀನಿ ಅಂದೆ. ನಾನು ನಂಬಿದೆ ಕಣಮ್ಮ. ಇವತ್ತಿನವರೆಗೂ ನಾನು ಒಳಕ್ಕೆ ಕಾಲಿಟ್ಟವನಲ್ಲ, ಈ ಮನೇಲಿ ತೇಗದ ಮಂಚ ಅವೆ ಅಂತ್ಲೇ ಅಂದ್ಕೊಂಡಿದ್ದೆ.”

ನಯನ ಗಂಡನನ್ನು ನೋಡಿದಳು, ಮುದುಕನ ಕೈಯಲ್ಲಿದ್ದ ಹಸಿರು ಗಿಟುಕನ್ನು ನೋಡಿದಳು. ಮುಖ ಕಪ್ಪಿಟ್ಟಿತು. ಅಷ್ಟು ದಿನ ಒಟ್ಟುಮಾಡಿಟ್ಟುಕೊಂಡ ಸಿಟ್ಟನ್ನೆಲ್ಲ ತಪ್ಪು ಬಾಗಿಲಿಗೆ ಹಾಕಿಬಂದಿದ್ದಳು ಅವಳು.

“ಕಟುಕ ಅಂದ್ರಿ,” ಅಂದಳು ಗಂಡನಿಗೆ. “ಇದ್ರೆ ಇರಿ ಹೋದ್ರೆ ಹೋಗಿ ಅಂದ ಅಂದ್ರಿ. ನಾನು ಈ ಮನುಷ್ಯನ ಕಾಯಿ ಕೊಳೆಸಿದ್ನಲ್ರೀ. ನನ್ನ ಕೈಯಾರೆ.”

“ಲಾರಿ ಕೆಟ್ಟು ನಿಂತುಬುಡ್ತು ಕಣೇ ಅವತ್ತು, ಆ ಡ್ರೈವರ್—”

“ಲೇ ಗಂಗಾ.” ಹೊಂಬಾಳಮ್ಮ ಸ್ವರ ಎತ್ತಲಿಲ್ಲ. “ಶೆಟ್ಟಿಕೆರೇಲಿ ನಮಗೆ ಮಂಚ ಎಲ್ಲಿತ್ಲಾ?”

ಲಾರಿ, ಡ್ರೈವರು, ಪಂಕ್ಚರು ಎಲ್ಲ ಗಂಗರಾಜುವಿನ ನಾಲಿಗೆಯ ತುದಿಯವರೆಗೆ ಬಂದು ವಾಪಸು ಹೋದವು.

“ಇರಲಿಲ್ಲ ಕಣವ್ವ,” ಅಂದ. “ಎರಡು ಚಾಪೆ ಇದ್ವು. ಅವರು ಅಷ್ಟು ಚೆನ್ನಾಗಿ ಕೇಳಿದ್ರು. ಏನೂ ಇಲ್ಲ, ಕೊಡಿ ಅನ್ನೋಕೆ ನಾಚಿಕೆ ಆಯ್ತು. ಬಾಯಿಗೆ ತೇಗ ಬಂತು.”

“ಈಗ ಕೇಳು. ಚಾಪೆಯವನ ಥರಾನೇ ಕೇಳು.”

ಗಂಗರಾಜು ಯಜಮಾನನ ಮುಖ ನೋಡಲಿಲ್ಲ, ಗಿಟುಕನ್ನು ನೋಡಿದ. “ಯಜಮಾನ್ರೇ, ನಮ್ಮವ್ವಂಗೆ ಮಲಗೋಕೆ ಹಾಸಿಗೆ ಇಲ್ಲ, ಮಂಚದ ಎರಡು ಹಲಗೆ ಮುರಿದವೆ. ತಗೊಳ್ಳೋಕೆ ನನ್ನ ಹತ್ರ ಆಗಲ್ಲ. ಒಂದು ಕೊಡಿಸಿ.”

“ನಾಳೆ ಬತ್ತದೆ,” ಅಂದ ಸಣ್ಣತಿಮ್ಮಯ್ಯ ಸಿಡುಕಿನಿಂದಲೇ. “ಎರಡು ಹಲಗೇನೂ ಬತ್ತದೆ. ಆದ್ರೆ ಕೊಳೆತ ಕಾಯಿನೆಲ್ಲ ಆರಿಸಿ ಕೆಳಗಿಳಿಸೋನು ನೀನು. ನಿನ್ನ ಆಟೊದಲ್ಲೇ, ನಿನ್ನ ಖರ್ಚಲ್ಲೇ. ನನ್ನ ಹೊಟ್ಟೆ ಉರೀತಾ ಇದೆ ಕಣಯ್ಯ, ಇನ್ನೊಂದು ಮಾತಾಡಬೇಡ.” ಛತ್ರಿ ತೆಗೆದುಕೊಂಡು ಹೊರಟವನು ಮಂಚದ ಹತ್ತಿರ ಒಂದು ಗಳಿಗೆ ನಿಂತು, “ನಂಗೆ ಗೊತ್ತಿರಲಿಲ್ಲ ಕಣವ್ವ,” ಅಂದು ಹೋದ.

ನಯನ ಬಚ್ಚಲಿಗೆ ಹೋಗಿ ಮಟ್ಟೆ ಜೋಡಿಸತೊಡಗಿದಳು. ಒದ್ದೆ ಒಲೆ ಹತ್ತಲಿಲ್ಲ. ಎಡಗೈಯಲ್ಲಿ ಊದುಗೊಳವೆ ಹಿಡಿದು ಊದುತ್ತಲೇ ಇದ್ದಳು. ಸಹಾಯಕ್ಕೆ ಹೋದ ಗಂಗರಾಜುವಿಗೆ, “ಆ ಕಡೆ ಹೋಗಿ. ಇವತ್ತು ನಿಮ್ಮ ಮುಖ ನನಗೆ ಬೇಡ. ಮುದ್ದೆ ಬೇಕಾದ್ರೆ ತೇಗದ ಮಂಚದ ಮೇಲೆ ಕೂತು ನೀವೇ ತೊಳಸ್ಕೊಳ್ಳಿ,” ಅಂದಳು.

ಅವನು ಬಂದು ತಾಯಿಯ ಕಾಲ ಬಳಿ ನೆಲದ ಮೇಲೆ ಕೂತ. ಹೊಂಬಾಳಮ್ಮ ಹಳ್ಳದೊಳಗಿಂದಲೇ ಕೇಳಿದಳು.

“ಮತ್ತೆ ಆ ನಾಲ್ಕು ಸಲ ಎಲ್ಲಿಗೋಗಿದ್ಲಾ?”

“ತೋಟಕ್ಕೇ ಹೋಗಿದ್ದೆ.”

“ಲೇ.”

“ಗೇಟಿನ ತನಕ ಹೋಗಿದ್ದೆ ಕಣವ್ವ. ಒಳಕ್ಕೆ ಹೋಗಲಿಲ್ಲ. ಹಾಸಿಗೆ ಕೇಳಿದ್ರೆ, ತೇಗದ ಮಂಚ ಏನಾಯ್ತು ಅಂತ ಕೇಳ್ತಾರೆ. ಅದಕ್ಕೆ ಆಟೊ ನಿಲ್ಲಿಸ್ಕಂಡು, ಮನೇಲಿ ಏನು ಹೇಳೋದು ಅಂತ ಯೋಚನೆ ಮಾಡ್ಕಂಡು ಬತ್ತಿದ್ದೆ. ಒಂದೊಂದು ಸಲ ಮಳೇಲಿ ಎರಡೆರಡು ಗಂಟೆ ಕೂತಿದೀನಿ.”

ಹೊಂಬಾಳಮ್ಮ ಕತ್ತು ತಿರುಗಿಸಿ ಅವನನ್ನೇ ನೋಡಿದಳು.

“ಹತ್ತು ನಿಮಿಷ,” ಅಂದ ಗಂಗರಾಜು. “ಹತ್ತೇ ನಿಮಿಷ ಕಣವ್ವ.”